'ಮರ್ಮರ್' ಕೇಳಿದೆ, ಒಂದು ಪದವೂ ತಿಳಿಯಲಿಲ್ಲ. ತಪ್ಪು ಯಾರದು?

ಓದುಗರ ಪ್ರಶ್ನೆ: ಅಮೆರಿಕದ ರಾಕ್ ತಂಡ ಆರ್.ಇ.ಎಮ್.ನ ಮೊದಲ ಆಲ್ಬಮ್ 'ಮರ್ಮರ್' ಬಹಳ ದೊಡ್ಡ ಕೃತಿ ಎಂದು ಎಲ್ಲ ಕಡೆ ಓದಿ, ಎರಡು ಸಲ ಕೇಳಿದೆ. ಗಾಯಕ ಏನು ಹಾಡುತ್ತಿದ್ದಾನೆ ಎಂದೇ ಗೊತ್ತಾಗಲಿಲ್ಲ. ನನ್ನ ಇಂಗ್ಲಿಷ್ ಸಾಲದೋ, ರೆಕಾರ್ಡಿಂಗೇ ಹಾಗಿದೆಯೋ?

ಉತ್ತರ: ರೆಕಾರ್ಡಿಂಗೇ ಹಾಗಿದೆ, ಬೇಕೆಂದೇ ಹಾಗೆ ಮಾಡಿದ್ದಾರೆ. ಇಂಗ್ಲಿಷ್ ಮನೆಮಾತಾದ ಅಮೆರಿಕನ್ನರಿಗೂ 1983ರಲ್ಲಿ ಈ ಹಾಡುಗಳ ಅರ್ಧಕ್ಕರ್ಧ ಪದಗಳು ಕೇಳಿಸಲಿಲ್ಲ. ಆಲ್ಬಮ್ ಜೊತೆ ಸಾಹಿತ್ಯದ ಹಾಳೆಯೂ ಇರಲಿಲ್ಲ. 1988ರ 'ಗ್ರೀನ್' ಆಲ್ಬಮ್‌ನಲ್ಲಿ ಒಂದೇ ಒಂದು ಹಾಡಿನ ಸಾಹಿತ್ಯ ಅಚ್ಚಾಯಿತು. ಎಲ್ಲ ಹಾಡುಗಳದ್ದು ಬಂದದ್ದು 1998ರ 'ಅಪ್' ಜೊತೆಗೆ. ಅಂದರೆ ಹದಿನೈದು ವರ್ಷ ಕೇಳುಗರು ಕಿವಿಯನ್ನೇ ನಂಬಿಕೊಂಡಿದ್ದರು.

ಹೀಗೇಕೆ ಎಂಬುದು ತಿಳಿಯಲು ಸ್ಟುಡಿಯೋದೊಳಗೆ ಹೋಗಬೇಕು. ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಕಾಲೇಜು ಊರಿನಲ್ಲಿ 1980ರಲ್ಲಿ ಹುಟ್ಟಿದ ತಂಡ ಇದು. ಹಾಡುಗಾರಿಕೆ ಮೈಕಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬಾಸ್ (ಕೆಳಸ್ವರದ ಗಿಟಾರ್) ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರಿ. ಐ.ಆರ್.ಎಸ್. ಎಂಬ ರೆಕಾರ್ಡ್ ಕಂಪನಿ ಮೊದಲು ಇವರನ್ನು ಸ್ಟೀಫನ್ ಹೇಗ್ ಎಂಬ ನಿರ್ಮಾಪಕರ ಕೈಗೆ ಒಪ್ಪಿಸಿತು. 'ಕ್ಯಾಟಪಲ್ಟ್' ಹಾಡನ್ನು ಮತ್ತೆ ಮತ್ತೆ ನುಡಿಸಿಸಿ, ಟೇಪನ್ನು ಬಾಸ್ಟನ್ನಿಗೆ ಒಯ್ದು, ಮೇಲೆ ಸಿಂಥಸೈಸರ್ ಸೇರಿಸಲಾಯಿತು. ತಂಡಕ್ಕೆ ಅದು ಹಿಡಿಸಲಿಲ್ಲ. ಹಿಂದೆ ತಮ್ಮ ಜೊತೆ ಕೆಲಸ ಮಾಡಿದ್ದ ನಿರ್ಮಾಪಕ ಮಿಚ್ ಈಸ್ಟರ್ ಅವರೇ ಬೇಕು ಎಂದು ಹಟ ಹಿಡಿದರು. ಈಸ್ಟರ್ ಮತ್ತು ಡಾನ್ ಡಿಕ್ಸನ್ ಸೇರಿ ಪರೀಕ್ಷೆಗೆಂದು 'ಪಿಲ್‌ಗ್ರಿಮೇಜ್' ರೆಕಾರ್ಡ್ ಮಾಡಿದರು, ಕಂಪನಿ ಒಪ್ಪಿತು. ಉಳಿದ ಕೆಲಸ 1983ರ ಮೊದಲ ತಿಂಗಳುಗಳಲ್ಲಿ, ನಾರ್ತ್ ಕ್ಯಾರೊಲೈನಾದ ಷಾರ್ಲಟ್ ನಗರದ ರಿಫ್ಲೆಕ್ಷನ್ ಸ್ಟುಡಿಯೋದಲ್ಲಿ ನಡೆಯಿತು. ಏಪ್ರಿಲ್ 12ಕ್ಕೆ ಆಲ್ಬಮ್ ಬಿಡುಗಡೆ.

ಅಲ್ಲಿ ಸ್ಟೈಪ್ ಹಾಡಿದ್ದು ಸ್ಟುಡಿಯೋ ಪಕ್ಕದ ಮೆಟ್ಟಿಲ ಸಂದಿಯಲ್ಲಿ, ದೀಪ ಆರಿಸಿಕೊಂಡು. ಪದಗಳನ್ನು ಅರ್ಥಕ್ಕಿಂತ ನಾದಕ್ಕಾಗಿ ಆಯ್ದುಕೊಂಡಿದ್ದಾರೆ; ವ್ಯಂಜನಗಳು ಕರಗುತ್ತವೆ, ಸ್ವರಗಳು ಉದ್ದವಾಗುತ್ತವೆ. ಮಿಕ್ಸಿಂಗ್‌ನಲ್ಲಿ ಆ ಧ್ವನಿಯನ್ನು ಗಿಟಾರಿನ ಮೇಲೆ ಕೂರಿಸದೆ ಅದರ ನಡುವೆಯೇ ಇಟ್ಟರು. ಧಾರವಾಡ ಸೀಮೆಯ ಖಯಾಲ್ ಗಾಯನ ಕೇಳಿದವರಿಗೆ ಇದು ತೀರಾ ಹೊಸದಲ್ಲ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಬಂದಿಶ್‌ನ (ಹಾಡಿನ) ಪದ ಪೂರ್ತಿ ಕೇಳಿಸದಿದ್ದರೂ ರಾಗ ಕೆಡುವುದಿಲ್ಲವಲ್ಲ! ಸಂಗೀತ ಬೇರೆಯೇ ಆದರೂ ಕಿವಿಗೆ ಬೇಕಾದ ತಾಳ್ಮೆ ಒಂದೇ.

ಹೆಸರೂ ಇದಕ್ಕೆ ಒಪ್ಪುತ್ತದೆ. ಇಂಗ್ಲಿಷಿನ 'ಮರ್ಮರ್' ಎಂದರೆ ಗುಣುಗುಟ್ಟುವುದು. ನಮ್ಮಲ್ಲಿ ಮರ್ಮರ ಎಂದರೆ ಎಲೆಗಳ ಸದ್ದು. ಮುಖಪುಟ ನೋಡಿ: ಕುಡ್ಜು ಬಳ್ಳಿ ಹಬ್ಬಿದ ಜಾಗ. ನಮ್ಮ ಕಾಡುಗಳಲ್ಲಿ ಲಂಟಾನ ಮಾಡಿದ್ದನ್ನೇ ಅಮೆರಿಕದ ದಕ್ಷಿಣದಲ್ಲಿ, ಜಪಾನಿನಿಂದ ಬಂದ ಈ ಬಳ್ಳಿ ಮಾಡಿದೆ. ಕೆಳಗೆ ಮರವಿದೆಯೋ ಕಂಬವಿದೆಯೋ ಗೊತ್ತಾಗದ ಹಾಗೆ ಎಲ್ಲವನ್ನೂ ಹೊದ್ದುಕೊಂಡಿದೆ. ಈ ಹಾಡುಗಳ ಆಕಾರವೂ ಹಾಗೆಯೇ.

ಈಗ ಕೇಳುವ ಕ್ರಮ. ಮೊಬೈಲಿನ ಸ್ಪೀಕರ್ ಬೇಡ, ಮಿಲ್ಸ್ ಅವರ ಬಾಸ್ ಅದರಲ್ಲಿ ಸತ್ತೇ ಹೋಗುತ್ತದೆ. ಹೆಡ್‌ಫೋನ್ ಹಾಕಿದರೂ 'ಬಾಸ್ ಬೂಸ್ಟ್' ಆಫ್ ಮಾಡಿ. ಈ ಬಾಸ್ ತಾಳ ಕುಟ್ಟಲು ಇಟ್ಟದ್ದಲ್ಲ, ತನ್ನದೇ ರಾಗ ನುಡಿಸುತ್ತದೆ. ಬೂಸ್ಟ್ ಒತ್ತಿದರೆ ಆ ಸ್ವರಗಳೆಲ್ಲ ಕಲಸಿ ಧಂ ಧಂ ಅಷ್ಟೇ ಉಳಿಯುತ್ತದೆ. ಷಫಲ್ ಕೂಡ ಬೇಡ. ಒಟ್ಟು 12 ಹಾಡು, ಸುಮಾರು 44 ನಿಮಿಷ. ಎಲ್‌ಪಿಯಲ್ಲಿ ಒಂದು ಬದಿಗೆ ಆರು. ಆರನೆಯದಾದ 'ಪರ್ಫೆಕ್ಟ್ ಸರ್ಕಲ್' ಮುಗಿದ ಮೇಲೆ ಎದ್ದು ನೀರು ಕುಡಿದು ಬನ್ನಿ. ಒಂದೇ ಉಸಿರಿಗೆ ಕೇಳಿದರೆ ಎರಡನೇ ಬದಿ ಬರೀ ಮಂಜಾಗಿ ಕೇಳಿಸುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಮೊದಲೇ ಅಂತರ್ಜಾಲದಲ್ಲಿ ಸಾಹಿತ್ಯ ಹುಡುಕಬೇಡಿ. ಅದನ್ನು ಬರೆದಿಟ್ಟವರು ಕೂಡ ಊಹೆ ಮಾಡಿದವರೇ. ಒಮ್ಮೆ ಆ ಪದ ಕಣ್ಣಿಗೆ ಬಿದ್ದರೆ ಕಿವಿ ಬೇರೇನನ್ನೂ ಕೇಳಲು ಒಪ್ಪುವುದಿಲ್ಲ.

ಮೊದಲ ಸಲ ಬಾಸನ್ನಷ್ಟೇ ಹಿಂಬಾಲಿಸಿ. 'ಪಿಲ್‌ಗ್ರಿಮೇಜ್' ಮತ್ತು 'ಲಾಫಿಂಗ್' ಒಳ್ಳೆಯ ಆರಂಭ. ಎರಡನೇ ಸಲ ಬಕ್ ಅವರ ರಿಕನ್‌ಬ್ಯಾಕರ್ ಗಿಟಾರ್. ಅವರು ಇಡೀ ಕಾರ್ಡನ್ನು (ಹಲವು ಸ್ವರಗಳ ಗುಂಪನ್ನು) ಒಟ್ಟಿಗೆ ಬಾರಿಸುವುದು ಕಡಿಮೆ, ತಂತಿಗಳನ್ನು ಒಂದೊಂದಾಗಿ ಮೀಟುತ್ತಾರೆ. ಆ ಕಾಲದ ರಾಕ್‌ನಲ್ಲಿ ಮಾಮೂಲಾಗಿದ್ದ ಉದ್ದುದ್ದ ಗಿಟಾರ್ ಸೋಲೋ ಇಲ್ಲಿಲ್ಲ. ಮೂರನೇ ಸಲ ಹಿಂದಿನ ದನಿಗಳು: ಮಿಲ್ಸ್ ಮತ್ತು ಬೆರಿ ಸ್ಟೈಪ್ ಹಾಡಿದ್ದನ್ನೇ ಹಾಡದೆ ಬೇರೆ ಸಾಲು ಹಿಡಿದು ಅಡ್ಡ ಬರುತ್ತಾರೆ. ಪದ ಕೇಳಿಸದಿರಲು ಅರ್ಧ ಕಾರಣ ಇದೂ ಹೌದು.

ಸಣ್ಣ ಸದ್ದುಗಳಿಗೂ ಕಿವಿ ಕೊಡಿ. 'ಟಾಕ್ ಅಬೌಟ್ ದ ಪ್ಯಾಷನ್'ನಲ್ಲಿ ಚೆಲೊ, ಅಂದರೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ, ಇದೆ. ಅದೇ ಹಾಡಿನಲ್ಲಿ ಇಂಗ್ಲಿಷಿನ ನಡುವೆ ಫ್ರೆಂಚ್ ತುಣುಕೊಂದು ಬರುತ್ತದೆ, 'ಇನ್ನೆಷ್ಟು ಕಾಲ' ಎಂದು ಅರ್ಥ. ತಿಳಿಯಲಿಲ್ಲ ಎಂದು ನೀವು ಬೇಸರಪಟ್ಟ ಜಾಗಗಳಲ್ಲಿ ಅದೂ ಇದ್ದೀತು. 'ವಿ ವಾಕ್'ನಲ್ಲಿ ಗುಡುಗಿನಂತೆ ಕೇಳಿಸುವುದು ಬಿಲಿಯರ್ಡ್ಸ್ ಚೆಂಡುಗಳು ಬಡಿದ ಸದ್ದು, ಟೇಪಿನ ವೇಗ ತಗ್ಗಿಸಿದ್ದು. 'ಪರ್ಫೆಕ್ಟ್ ಸರ್ಕಲ್'ನಲ್ಲಿ ಎರಡು ಪಿಯಾನೋಗಳು ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಯುತ್ತವೆ, ಅದರಲ್ಲೊಂದರ ಶ್ರುತಿ ತುಸು ಹೊರಗಿದೆ. ಆ ಸ್ವಲ್ಪವೇ ಸ್ವಲ್ಪ ವ್ಯತ್ಯಾಸದಿಂದ ಸ್ವರ ನೀರಿನ ಮೇಲಿನ ಬೆಳಕಿನಂತೆ ಅಲುಗುತ್ತದೆ. ಇಡೀ ಆಲ್ಬಮ್‌ನಲ್ಲಿ ಇದಕ್ಕಿಂತ ಸುಂದರವಾದ ಗಳಿಗೆ ಇನ್ನೊಂದಿಲ್ಲ.

ಮಾರಾಟದಲ್ಲಿ ಇದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 36ನೇ ಸ್ಥಾನ ಮುಟ್ಟಿತು, ಅಷ್ಟೇ. ಆದರೂ 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕರು ಮೈಕಲ್ ಜಾಕ್ಸನ್ ಅವರ 'ಥ್ರಿಲ್ಲರ್' ಅನ್ನೂ ಹಿಂದಿಟ್ಟು ಇದನ್ನೇ 1983ರ ಅತ್ಯುತ್ತಮ ಆಲ್ಬಮ್ ಎಂದರು. ಕಾಲೇಜು ರೇಡಿಯೋಗಳು ಹಾಕಿಕೊಟ್ಟ ಈ ದಾರಿಯಲ್ಲೇ ಮುಂದೆ ಆಲ್ಟರ್ನೇಟಿವ್ ರಾಕ್, ಅಂದರೆ ಮುಖ್ಯವಾಹಿನಿಯ ಹೊರಗಿನ ರಾಕ್, ಬೆಳೆಯಿತು. 'ನಿರ್ವಾಣ' ಎಂಬ ರಾಕ್ ತಂಡದ ಗಾಯಕ ಕರ್ಟ್ ಕೊಬೇನ್ ಆರ್.ಇ.ಎಮ್. ಮೇಲಿನ ಮೆಚ್ಚುಗೆಯನ್ನು ಮುಚ್ಚಿಟ್ಟವರೇ ಅಲ್ಲ.

ಇಷ್ಟಾದ ಮೇಲೆ ಒಂಬತ್ತನೇ ಹಾಡು '9-9' ಹಾಕಿ. ಕೊನೆಯ ಎರಡು ಪದ ಬಿಟ್ಟು ಬೇರೇನೂ ಯಾರಿಗೂ ತಿಳಿಯಬಾರದೆಂದೇ ಅದನ್ನು ರೆಕಾರ್ಡ್ ಮಾಡಿದೆವು ಎಂದು ಸ್ಟೈಪ್ ಅವರೇ ಹೇಳಿದ್ದಾರೆ. ಕೇಳಿಸುವ ಆ ಎರಡು ಪದಗಳ ಅರ್ಥ: ಮಾತಾಡುವ ಭಯ.