ಲಾಯರಿಗೆ ದುಡ್ಡಿಲ್ಲ ಅಂತ ತಪ್ಪು ಒಪ್ಪಿಕೊಳ್ಳಬೇಡಿ

ಕಳೆದ ಮಳೆಗಾಲದಲ್ಲಿ ಆಲೂರು ಕಡೆಯ ಒಬ್ಬ ಹುಡುಗ ಹಾಸನದ ಕೋರ್ಟ್ ಆವರಣದಲ್ಲಿ ಸಿಕ್ಕಿದ. ತೋಟದ ಪಿಕಪ್ ಓಡಿಸುವವನು. ಕೈಯಲ್ಲಿ ಸಮನ್ಸ್, ಜೇಬಿನಲ್ಲಿ ಸಾಲ ಮಾಡಿ ತಂದ ಎರಡು ಸಾವಿರ.

"ದಂಡ ಕಟ್ಟಿ ಮಧ್ಯಾಹ್ನಕ್ಕೆ ಕೆಲಸಕ್ಕೆ ಹೋಗ್ಬೇಕು ಸಾರ್" ಎಂದ.

"ತಪ್ಪು ನಿಂದೇನಪ್ಪಾ?" ಎಂದು ಕೇಳಿದೆ.

"ಇಲ್ಲ ಸಾರ್. ತಿರುವಲ್ಲಿ ಬೈಕಿನವರೇ ನನ್ನ ಸೈಡಿಗೆ ಬಂದ್ರು. ಲಾಯರ್ ಇಡೋಕೆ ಎಲ್ಲಿಂದ ತರ್ಲಿ?"

ಮಾಡದ ತಪ್ಪನ್ನು ಬಡತನಕ್ಕಾಗಿ ಒಪ್ಪಿಕೊಳ್ಳುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೆಲ್ಮೆಟ್ ಇಲ್ಲದ್ದಕ್ಕೆ ಬೀಳುವ ದಂಡದ ವಿಷಯ ಇದಲ್ಲ. ಅದನ್ನು ಕಟ್ಟಿ ಮುಗಿಸಿ. ಆದರೆ ಸಮನ್ಸಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಇದ್ದರೆ ಅದು ಕ್ರಿಮಿನಲ್ ಕೇಸು. ಅಜಾಗರೂಕ ಚಾಲನೆ ಎಂಬ ಆರೋಪ. 2024ರ ಜುಲೈ 1ಕ್ಕೆ ಮೊದಲು ಇದೇ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 279 ಆಗಿತ್ತು. ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಾರಿಗಾದರೂ ಗಾಯವಾಗಿದ್ದರೆ 125ನೇ ಕಲಮೂ ಸೇರುತ್ತದೆ. ಗಾಯ ತೀವ್ರವಾಗಿದ್ದರೆ ಶಿಕ್ಷೆ ಮೂರು ವರ್ಷದವರೆಗೆ ಹೋಗಬಹುದು.

ಸಾವಿರ ರೂಪಾಯಿ ತಾನೇ, ಕಟ್ಟಿಬಿಡು ಎಂದು ಟೀ ಅಂಗಡಿಯಲ್ಲಿ ಹೇಳುವವರು ಜಾಸ್ತಿ. ಆದರೆ ತಪ್ಪು ಒಪ್ಪಿಕೊಂಡರೆ ನೀವು ಅಪರಾಧಿ ಎಂದು ದಾಖಲಾಗುತ್ತದೆ. ಆಮೇಲೆ ಮೇಲ್ಮನವಿಯಲ್ಲಿ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಹುದು. ಗಾಯಾಳು ಪರಿಹಾರ ಕೇಳಿದಾಗ ನಿಮ್ಮ ಒಪ್ಪಿಗೆಯನ್ನೇ ನಿರ್ಲಕ್ಷ್ಯಕ್ಕೆ ಸಾಕ್ಷಿ ಎಂದು ತೋರಿಸುತ್ತಾರೆ. ಇನ್ಶೂರೆನ್ಸ್ ಮುಗಿದುಹೋಗಿದ್ದರೆ ಆ ಹೊರೆ ಮಾಲೀಕರ ಮತ್ತು ಚಾಲಕರ ತಲೆಗೇ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಜಡ್ಜ್ ಆರೋಪ ಓದಿ ಹೇಳಿದಾಗ ಹೆದರದೆ ಹೀಗೆ ಹೇಳಿ: "ಸ್ವಾಮಿ, ನಾನು ತಪ್ಪು ಮಾಡಿಲ್ಲ. ವಕೀಲರನ್ನು ಇಡುವ ಶಕ್ತಿ ಇಲ್ಲ. ಉಚಿತ ವಕೀಲರನ್ನು ಕೊಡಿಸಿ." ಇಷ್ಟು ಸಾಕು. ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತಾಲ್ಲೂಕಿನ ಕೋರ್ಟಿನಲ್ಲಿ ತಾಲ್ಲೂಕು ಸಮಿತಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿ ಇರುವವರು ಆದಾಯ ಎಷ್ಟೇ ಇದ್ದರೂ ಅರ್ಜಿ ಹಾಕಬಹುದು. ಬೇರೆಯವರಿಗೆ ಆದಾಯದ ಮಿತಿ ಇದೆ. ಇದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟ ಹಕ್ಕು, ಯಾರ ದಯೆಯೂ ಅಲ್ಲ. ಆ ವಕೀಲರಿಗೆ ನೀವು ಫೀಸು ಕೊಡಬೇಕಿಲ್ಲ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಕಾಗದಪತ್ರ ಕೇಳಿ ಪಡೆಯಿರಿ. ಚಾರ್ಜ್‌ಶೀಟ್, ಎಫ್‌ಐಆರ್, ಸಾಕ್ಷಿಗಳ ಹೇಳಿಕೆಗಳ ನಕಲನ್ನು ಆರೋಪಿಗೆ ಪುಕ್ಕಟೆಯಾಗಿ ಕೊಡಲೇಬೇಕು. ನೀವು ಹಾಜರಾದ ದಿನದಿಂದ 14 ದಿನದೊಳಗೆ. ಅದರಲ್ಲಿ ಮೊದಲು ನೋಡಬೇಕಾದ್ದು ಮಹಜರು, ಅಂದರೆ ಪೊಲೀಸರು ಸ್ಥಳ ನೋಡಿ ಬರೆದ ವರದಿ, ಮತ್ತು ಸ್ಥಳದ ನಕ್ಷೆ. ನಮ್ಮ ಹುಡುಗನ ನಕ್ಷೆಯಲ್ಲಿ ಡಿಕ್ಕಿಯಾದ ಜಾಗ ರಸ್ತೆಯ ಎಡಕ್ಕೆ, ಅವನದೇ ಸೈಡಿನಲ್ಲಿತ್ತು. ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲೂ ಪಿಕಪ್‌ನ ಬಲ ಮೂಲೆ ನಜ್ಜುಗುಜ್ಜಾಗಿತ್ತು. ದಂಡ ಕಟ್ಟಿ ಹೋಗಿದ್ದರೆ ಆ ಕಾಗದವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಪ್ರಾಧಿಕಾರ ಕೊಟ್ಟ ವಕೀಲರು ಅದನ್ನೇ ಹಿಡಿದು ಸಾಕ್ಷಿಗಳಿಗೆ ಪ್ರಶ್ನೆ ಹಾಕಿದರು. ಕೊನೆಗೆ ಹುಡುಗ ಖುಲಾಸೆಯಾದ.

281 ಜಾಮೀನು ಸಿಗುವ ಅಪರಾಧ. ಜಾಮೀನು ನಿಮ್ಮ ಹಕ್ಕು. ಜಾಮೀನುದಾರರಾಗಿ ನಿಲ್ಲಲು ಪಹಣಿ (ಜಮೀನಿನ ದಾಖಲೆ) ಇರುವವರು ಯಾರೂ ಸಿಗದಿದ್ದರೆ, ಬಡವರೆಂದು ತಿಳಿಸಿ ಸ್ವಂತ ಮುಚ್ಚಳಿಕೆಯ (ಕರೆದಾಗ ಬರುತ್ತೇನೆ ಎಂದು ನೀವೇ ಬರೆದುಕೊಡುವ ಪತ್ರದ) ಮೇಲೆ ಬಿಡಲು ಕೇಳಿ. ಗೇಟಿನ ಹತ್ತಿರ "ಜಾಮೀನುದಾರರನ್ನು ನಾವೇ ಕೊಡ್ತೀವಿ" ಎನ್ನುವವರ ಕೈಗೆ ಮಾತ್ರ ದುಡ್ಡು ಕೊಡಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಇನ್ನೊಂದು ಕೇಸು ನಿಮ್ಮ ಮೇಲೇ.

ನಿಜವಾಗಿಯೂ ತಪ್ಪು ಮಾಡಿದ್ದರೆ? ಆಗಲೂ ವಕೀಲರ ಜೊತೆ ಮಾತಾಡಿ, ಆಮೇಲೆ ಒಪ್ಪಿಕೊಳ್ಳಿ. 1958ರ ಪ್ರೊಬೇಷನ್ ಕಾಯ್ದೆಯಡಿ ಎಚ್ಚರಿಕೆ ಕೊಟ್ಟು ಬಿಡುವಂತೆ ಕೋರ್ಟನ್ನು ಕೇಳುವುದಕ್ಕೆ ಅವಕಾಶವಿದೆ.

ಕೋರ್ಟು ಕೊಟ್ಟ ವಾಯಿದೆಯ ದಿನ ತಪ್ಪಿಸಿಕೊಂಡರೆ ವಾರಂಟ್ ಬರುತ್ತದೆ. ಕೂಲಿ ಬಿಟ್ಟು ಬರುವುದು ಕಷ್ಟ, ಗೊತ್ತು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಬಸ್ ನಿಂತುಹೋದ ದಿನವೂ ಇರುತ್ತದೆ. ಅಂಥ ದಿನ ಬೆಳಿಗ್ಗೆಯೇ ವಕೀಲರಿಗೆ ಫೋನ್ ಮಾಡಿ. ಹಾಜರಾತಿಯಿಂದ ವಿನಾಯಿತಿ ಕೇಳಿ ಅವರು ಅರ್ಜಿ ಹಾಕುತ್ತಾರೆ.