ಕೆರೆ ನೀರಿನ ಉಸಿರಾಟವನ್ನು ಅಳೆಯುವುದು ಹೇಗೆ?

ಬೆಂಗಳೂರಿನ ಕೆರೆಗಳ ಸುದ್ದಿ ಬಂದಾಗಲೆಲ್ಲ ಬಿಒಡಿ (ಬಯೋಕೆಮಿಕಲ್ ಆಕ್ಸಿಜನ್ ಡಿಮಾಂಡ್) ಅನ್ನುವ ಮಾತು ಬಂದೇ ಬರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದಾಗ ಬಂತು. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗಲೂ ಬಂತು. ಇದು ಕೊಳಕಿನ ಅಳತೆ ಅಂತ ನಾವು ಓದಿಕೊಂಡು ಮುಂದೆ ಹೋಗುತ್ತೇವೆ. ಅಸಲಿಗೆ ಅಲ್ಲಿ ಅಳೆಯುವುದು ಉಸಿರಾಟವನ್ನು. ಕೊಳಕನ್ನು ತಿನ್ನುವ ಸೂಕ್ಷ್ಮಜೀವಿಗಳು ಇಷ್ಟು ದಿನದಲ್ಲಿ ಎಷ್ಟು ಆಮ್ಲಜನಕ ಖರ್ಚು ಮಾಡಿದವು ಅನ್ನುವ ಲೆಕ್ಕ ಅದು. ಇದರ ಹಿಂದೆ ಮುನ್ನೂರು ವರ್ಷಕ್ಕೂ ಮೀರಿದ ಕತೆ ಇದೆ.

ಇಂಗ್ಲೆಂಡಿನ ಜಾನ್ ಮೇಯೋ 1674ರಲ್ಲೇ ಉಸಿರಾಟದ ಬಗ್ಗೆ ಬರೆದಿದ್ದ. ಇಲಿಯನ್ನು ಮುಚ್ಚಿದ ಗಾಜಿನೊಳಗೆ ಇಟ್ಟರೆ ಗಾಳಿ ಕಮ್ಮಿಯಾಗುತ್ತದೆ ಅಂತ ತೋರಿಸಿದ್ದ. ನಿಜವಾದ ಅಳತೆ ಬಂದದ್ದು ಪ್ಯಾರಿಸ್‌ನಲ್ಲಿ. ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿ ಕೂರಿಸಿದರು. ಹತ್ತು ಗಂಟೆಯಲ್ಲಿ ಅದರ ಮೈ ಶಾಖಕ್ಕೆ ಸುಮಾರು 13 ಔನ್ಸ್ ಮಂಜು ಕರಗಿತು. ಹೊರಗಿನ ಕೋಣೆಯ ಬಿಸಿ ಒಳಗಿನ ಮಂಜನ್ನು ಕರಗಿಸಬಾರದಲ್ವಾ? ಅದಕ್ಕೆ ಹೊರಗೆ ಮಂಜಿನ ಇನ್ನೊಂದು ಪದರ ಇಟ್ಟಿದ್ದರು. ಉಸಿರಾಟ ಅಂದರೆ ನಿಧಾನವಾದ ಉರಿಯುವಿಕೆ ಅಂತ 1783ರಲ್ಲಿ ಅವರು ಹೇಳಿದ್ದು ಈ ಕೆಲಸದ ಬಲದ ಮೇಲೆ. ನನಗೆ ಆ ತೀರ್ಮಾನಕ್ಕಿಂತ ಹೊರಗಿನ ಪದರವೇ ದೊಡ್ಡದು ಅನ್ನಿಸುತ್ತದೆ. ಮುಂದೆ ಈ ಅಳತೆಯಲ್ಲಿ ಕೈಕೊಟ್ಟದ್ದೆಲ್ಲ ಹೆಚ್ಚಾಗಿ ಬಿಸಿಯ ಕಡೆಯಿಂದಲೇ.

ನಮ್ಮ ಪಿಯುಸಿ ಲ್ಯಾಬ್‌ಗಳಲ್ಲಿ ಮಾಡಿಸುವ ಪ್ರಯೋಗದಲ್ಲೂ ಇದು ಕಾಣುತ್ತದೆ. ಮೊಳಕೆ ಬಂದ ಹೆಸರುಕಾಳನ್ನು ಫ್ಲಾಸ್ಕ್‌ಗೆ ಹಾಕುತ್ತಾರೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತುಂಬಿದ ಪುಟ್ಟ ಟ್ಯೂಬನ್ನು ದಾರ ಕಟ್ಟಿ ಒಳಗೆ ಇಳಿಬಿಡುತ್ತಾರೆ. ಬಿರಡೆ ಬಿಗಿದು, ಬಾಗಿದ ಗಾಜಿನ ನಳಿಕೆಯ ತುದಿಯನ್ನು ನೀರಿನಲ್ಲಿ ಅದ್ದುತ್ತಾರೆ. ಆ ಪುಟ್ಟ ಟ್ಯೂಬ್ ಇಲ್ಲದಿದ್ದರೆ ನೀರು ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ. ಪಿಷ್ಟ ತಿನ್ನುವ ಕಾಳು ಎಷ್ಟು ಆಮ್ಲಜನಕ ತೆಗೆದುಕೊಳ್ಳುತ್ತದೋ ಸುಮಾರು ಅಷ್ಟೇ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಹಾಗೆ ಬಿಟ್ಟದ್ದನ್ನು ಹೈಡ್ರಾಕ್ಸೈಡ್ ಹೀರಿಕೊಂಡಾಗ ಮಾತ್ರ ನಳಿಕೆಯಲ್ಲಿ ನೀರು ಏರುತ್ತದೆ.

ಆದರೆ ಕಿಟಕಿಯಿಂದ ಬಿಸಿಲು ಬಿದ್ದು ಫ್ಲಾಸ್ಕ್ ಒಂದೇ ಡಿಗ್ರಿ ಬಿಸಿಯಾಗಲಿ, 250 ಮಿಲಿಲೀಟರ್ ಗಾಳಿ ಸುಮಾರು 0.8 ಮಿಲಿಲೀಟರ್ ಹಿಗ್ಗುತ್ತದೆ. ಕಾಳು ಎಳೆದುಕೊಂಡದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಬೇಯಿಸಿದ, ಅಂದರೆ ಉಸಿರಾಡದ ಕಾಳಿನ ಇನ್ನೊಂದು ಫ್ಲಾಸ್ಕ್ ಬೇಕು; ಅದರಲ್ಲಿ ಕಾಣುವ ಏರಿಳಿತ ಬಿಸಿಯದ್ದು ಮಾತ್ರ. ಅದನ್ನು ಸುಮ್ನೆ ರೆಕಾರ್ಡ್ ಬುಕ್ಕಿನ ಚಿತ್ರಕ್ಕೆ ಅಂತ ಇಡುವುದಲ್ಲ. ಬೆಂಗಳೂರಿಗೆ ಇನ್ನೊಂದು ತೊಡಕೂ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಒಂದು ಮಿಲಿಲೀಟರ್ ಗಾಳಿಯಲ್ಲಿರುವ ಆಮ್ಲಜನಕಕ್ಕಿಂತ ಇಲ್ಲಿನ ಗಾಳಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಕಮ್ಮಿ. ಒತ್ತಡ ಬರೆದಿಡದೆ ಎರಡು ಊರಿನ ಅಂಕಿಗಳನ್ನು ಹೋಲಿಸುವ ಹಾಗಿಲ್ಲ.

ಜರ್ಮನಿಯ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಇದೇ ತತ್ವವನ್ನು ತೆಳ್ಳನೆಯ ಅಂಗಾಂಶದ ಚೂರುಗಳಿಗೆ ಹೊಂದಿಸಿದ. ಉಸಿರಾಟದ ಕಿಣ್ವದ ಕೆಲಸಕ್ಕೆ 1931ರಲ್ಲಿ ಅವನಿಗೆ ನೊಬೆಲ್ ಬಂತು. 1950ರ ದಶಕದಲ್ಲಿ ಅಮೆರಿಕದ ಲೆಲಂಡ್ ಕ್ಲಾರ್ಕ್ ಆಮ್ಲಜನಕವನ್ನು ನೇರವಾಗಿ ಅಳೆಯುವ ಎಲೆಕ್ಟ್ರೋಡ್ ಮಾಡಿದ. ಗಾಳಿಯ ಗಾತ್ರ ನೋಡುವ ಗೊಡವೆಯೇ ತಪ್ಪಿತು.

ನೀರಿನ ಕತೆ ಬೇರೆ ದಾರಿಯಲ್ಲಿ ಬಂತು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ರಾಸಾಯನಿಕ ವಿಧಾನವನ್ನು ಹಂಗೇರಿಯ ವಿಂಕ್ಲರ್ 1888ರಲ್ಲಿ ಕೊಟ್ಟ. ಬ್ರಿಟನ್ನಿನ ಚರಂಡಿ ನೀರಿನ ರಾಯಲ್ ಕಮಿಷನ್ 1912ರಲ್ಲಿ ಐದು ದಿನದ ಬಿಒಡಿ ಪರೀಕ್ಷೆಯನ್ನು ಮುಂದಿಟ್ಟಿತು. ಉಷ್ಣತೆ 65 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 18 ಡಿಗ್ರಿ ಸೆಲ್ಸಿಯಸ್. ಅದು ಅಲ್ಲಿನ ತಣ್ಣನೆಯ ಹವೆಗೆ ಹೊಂದುವ ಲೆಕ್ಕ. ಮುಂದೆ 20 ಡಿಗ್ರಿ, ಐದು ದಿನ ಅನ್ನುವುದು ಹಲವು ದೇಶಗಳಲ್ಲಿ ರೂಢಿಗೆ ಬಂತು. ಬಿಸಿ ಹತ್ತು ಡಿಗ್ರಿ ಜಾಸ್ತಿಯಾದರೆ ಉಸಿರಾಟದ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗಿ ನಮ್ಮ ದೇಶದ ನಿಯಮದಲ್ಲಿ 27 ಡಿಗ್ರಿ, ಮೂರು ದಿನ ಅಂತ ಇದೆ. ಇದು ನಮ್ಮ ನೆಲಕ್ಕೆ ಹೊಂದುವ ಒಳ್ಳೆಯ ಬದಲಾವಣೆ. ಪರೀಕ್ಷೆಯ ನೀರು ತುಂಬಿದ ಬಾಟಲಿಯನ್ನು ಕತ್ತಲಲ್ಲಿ ಇಡುತ್ತಾರೆ. ಬೆಳಕು ಬಿದ್ದರೆ ಪಾಚಿ ಆಮ್ಲಜನಕ ಮಾಡಿಕೊಂಡು ಲೆಕ್ಕ ಕೆಡಿಸುತ್ತದೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ಬಿಒಡಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು.

ಆದರೆ ಕೆರೆಯಲ್ಲಿ ಕತ್ತಲೂ ಇದೆ, ಬೆಳಕೂ ಇದೆ. ಚರಂಡಿ ನೀರು ಸೇರಿ ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಕರಗಿದ ಆಮ್ಲಜನಕ ಚೆನ್ನಾಗಿಯೇ ಕಾಣುತ್ತದೆ. ಪಾಚಿ ಅಷ್ಟು ತಯಾರಿಸಿರುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ, ಬ್ಯಾಕ್ಟೀರಿಯಾ, ಮೀನು ಎಲ್ಲವೂ ಬರೀ ಖರ್ಚು ಮಾಡುತ್ತವೆ. ಬೆಳಗಾಗುವ ಮುಂಚೆ ಮಟ್ಟ ತಳ ಮುಟ್ಟಿರುತ್ತದೆ. ಬೆಳಗ್ಗೆ ವಾಕಿಂಗ್ ಬಂದವರ ಕಣ್ಣಿಗೆ ಸತ್ತ ಮೀನು ಬೀಳುವುದು ಇದಕ್ಕೇ. ಬೇಸಿಗೆಯಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ. ಬಿಸಿ ನೀರು ಆಮ್ಲಜನಕವನ್ನು ಕಮ್ಮಿ ಹಿಡಿಯುತ್ತದೆ, ಉಸಿರಾಟ ಮಾತ್ರ ಜಾಸ್ತಿಯಾಗಿರುತ್ತದೆ. 25 ಡಿಗ್ರಿಯಲ್ಲಿ ಕಡಲ ಮಟ್ಟದ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿದರೆ, ನಮ್ಮ ಎತ್ತರದಲ್ಲಿ ಏಳೂವರೆಯ ಆಸುಪಾಸು ಅಷ್ಟೇ.

ಅದಕ್ಕೇ ಕೆರೆಯ ಅಂಕಿ ಕೊಡುವವರು ಸ್ಯಾಂಪಲ್ ತೆಗೆದ ಗಂಟೆ ಮತ್ತು ನೀರಿನ ಬಿಸಿಯನ್ನೂ ಪಕ್ಕದಲ್ಲಿ ಬರೆಯಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಕೈಯಲ್ಲಿ ಹಿಡಿಯುವ ಮೀಟರ್‌ಗಳು ಬಂದಿವೆ, ನೀರಿಗೆ ಅದ್ದಿದರೆ ಸ್ವಲ್ಪ ಹೊತ್ತಿನಲ್ಲಿ ಓದು ಸಿಗುತ್ತದೆ. ಏಪ್ರಿಲ್‌ನಲ್ಲಿ ಬೆಳಗಿನ ಐದೂವರೆಗೆ ಒಮ್ಮೆ, ಮಧ್ಯಾಹ್ನ ಎರಡಕ್ಕೆ ಒಮ್ಮೆ ಅಳೆದು ಎರಡನ್ನೂ ಪ್ರಕಟಿಸಲಿ. ಎರಡರ ನಡುವಿನ ವ್ಯತ್ಯಾಸ ನೋಡಿದರೆ, ಆ ಕೆರೆ ಎಷ್ಟು ಹಸಿರುಗಟ್ಟಿದೆ ಅಂತ ದಡದಲ್ಲಿ ವಾಸಿಸುವವರೇ ಅಂದಾಜು ಮಾಡಬಹುದು.