ಪ್ರಬಂಧ ಮೊದಲೋ, ಪೇಟೆಂಟ್ ಮೊದಲೋ?

1974ರಲ್ಲಿ ನೀಲ್ಸ್ ರೈಮರ್ಸ್ ಪತ್ರಿಕೆಯಲ್ಲೊಂದು ಸುದ್ದಿ ಓದಿದರು. ತಮ್ಮದೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಕೊಹೆನ್, ಸ್ಯಾನ್ ಫ್ರಾನ್ಸಿಸ್ಕೋದ ಹರ್ಬರ್ಟ್ ಬೋಯರ್ ಜತೆಗೂಡಿ ಬೇರೆ ಜೀವಿಯ ಡಿಎನ್‌ಎ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಕೂರಿಸಿದ್ದರು. ಸಂಶೋಧನೆಗೆ ಗಿರಾಕಿ ಹುಡುಕುವುದೇ ರೈಮರ್ಸ್ ಅವರ ಕೆಲಸ. ಪೇಟೆಂಟ್ ಮಾಡಿಸೋಣ ಎಂದು ಹೊರಟರೆ ಕೊಹೆನ್‌ಗೇ ಮನಸ್ಸಿಲ್ಲ. ಅವರನ್ನು ಒಪ್ಪಿಸುವ ಹೊತ್ತಿಗೆ ಇನ್ನೊಂದು ತೊಡಕು: ಪ್ರಬಂಧ 1973ರ ನವೆಂಬರ್‌ನಲ್ಲೇ ಅಚ್ಚಾಗಿಬಿಟ್ಟಿತ್ತು.

ಅಮೆರಿಕದ ಕಾನೂನು ಪ್ರಕಟಣೆಯ ನಂತರವೂ ಪೇಟೆಂಟ್ ಅರ್ಜಿಗಾಗಿ ಒಂದು ವರ್ಷ ಕಾಯುತ್ತದೆ. ಗಡುವಿಗೆ ಕೆಲವೇ ದಿನ ಉಳಿದಿರುವಾಗ, 1974ರ ನವೆಂಬರ್ 4ರಂದು, ಅರ್ಜಿ ಸಲ್ಲಿಕೆಯಾಯಿತು. ಯುರೋಪಿನಲ್ಲಿ ಆ ಬಾಗಿಲು ಆಗಲೇ ಮುಚ್ಚಿತ್ತು. ಅಲ್ಲಿ ಲೋಕಕ್ಕೆ ಗೊತ್ತಾದದ್ದು 'ಹೊಸದು' ಅಲ್ಲ, ಹೇಳಿದವರು ಸ್ವತಃ ಸಂಶೋಧಕರೇ ಆಗಿದ್ದರೂ! ಅಮೆರಿಕದಲ್ಲಿ ಮಾತ್ರ ಸಿಕ್ಕ ಆ ಪೇಟೆಂಟನ್ನು ಸ್ಟ್ಯಾನ್‌ಫರ್ಡ್ ಒಬ್ಬರಿಗೇ ಮಾರಲಿಲ್ಲ; ವರ್ಷಕ್ಕೆ 10,000 ಡಾಲರ್ ಕೊಡುವ ಯಾವ ಕಂಪನಿಗಾದರೂ ಪರವಾನಗಿ, ಉತ್ಪನ್ನ ಬಂದ ಮೇಲೆ ಸಣ್ಣ ರಾಯಧನ. 1997ರಲ್ಲಿ ಅವಧಿ ಮುಗಿಯುವ ವೇಳೆಗೆ ಬಂದದ್ದು ಸುಮಾರು 25 ಕೋಟಿ ಡಾಲರ್. ಇದು ಲಾಟರಿ ಹೊಡೆದಂತೆ ಎನ್ನಿ. ರೈಮರ್ಸ್ ಅವರದ್ದರಂಥ, ವಿಶ್ವವಿದ್ಯಾಲಯಗಳ ಪರವಾನಗಿ ಕಚೇರಿಗಳಲ್ಲಿ ಬಹುಪಾಲಿಗೆ ಬರುವ ದುಡ್ಡು ತಮ್ಮ ಖರ್ಚಿಗೇ ಸಾಲದು.

ಅದೇ ದಶಕದಲ್ಲಿ, 1975ರಲ್ಲಿ, ಕೇಂಬ್ರಿಜ್‌ನ ಸರ್ಕಾರಿ ಪ್ರಯೋಗಾಲಯದಲ್ಲಿ ವಿಜ್ಞಾನಿಗಳಾದ ಮಿಲ್‌ಸ್ಟೈನ್ ಮತ್ತು ಕೋಹ್ಲರ್ ಮೊನೊಕ್ಲೋನಲ್ ಪ್ರತಿಕಾಯ (ಒಂದೇ ಗುರಿಗೆ ಅಂಟುವ, ಒಂದೇ ಬಗೆಯ ರೋಗನಿರೋಧಕ ಪ್ರೋಟೀನ್) ತಯಾರಿಸುವ ವಿಧಾನವನ್ನು ಪ್ರಕಟಿಸಿದರು. ಅದಕ್ಕೆ ಪೇಟೆಂಟ್ ಆಗಲೇ ಇಲ್ಲ. ಇಂದು ಎಷ್ಟೋ ಕ್ಯಾನ್ಸರ್ ಔಷಧಗಳ ಬುನಾದಿ ಅದು.

ಇನ್ನು ಒಡೆತನ. 1980ರ ಬೇ-ಡೋಲ್ ಕಾಯ್ದೆ ಸರ್ಕಾರದ ಹಣದಲ್ಲಿ ಹುಟ್ಟಿದ್ದನ್ನೂ ಅಮೆರಿಕದ ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಬಿಟ್ಟಿತು. ಅಲ್ಲಿನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಬಹಳ ಮುಂಚೆಯೇ, 1925ರಲ್ಲೇ, ಇದಕ್ಕೆಂದು ಪ್ರತ್ಯೇಕ ಪ್ರತಿಷ್ಠಾನ ಕಟ್ಟಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ 'ವಾರ್ಫರಿನ್' ಮಾತ್ರೆಯ ಹೆಸರಿನ ಮೊದಲ ಅಕ್ಷರಗಳು ಆ ಪ್ರತಿಷ್ಠಾನದ್ದೇ. ಸ್ವೀಡನ್‌ನಲ್ಲಿ ಲೆಕ್ಕ ತಿರುಗುಮುರುಗು: ಆವಿಷ್ಕಾರ ಪ್ರಾಧ್ಯಾಪಕರ ಸ್ವಂತ ಸೊತ್ತು, ಮಾರಾಟದ ತಲೆನೋವೂ ಅವರದ್ದೇ. ಜರ್ಮನಿಯಲ್ಲೂ 2002ರವರೆಗೆ ಹಾಗೇ ಇತ್ತು. ಪ್ರಾಧ್ಯಾಪಕರ ಕೈಗೇ ಬಿಟ್ಟರೆ ಕಂಪನಿಯ ಜತೆ ನೇರ ಮಾತುಕತೆ ಬೇಗ ಮುಗಿಯುತ್ತದೆ ನಿಜ, ಆದರೆ ಪೇಟೆಂಟ್ ವಕೀಲರ ಬಿಲ್ ನೋಡಿದಾಗ ಅರ್ಧದಷ್ಟು ಉತ್ಸಾಹ ಇಳಿಯುತ್ತದೆ ಎಂಬುದು ನನ್ನ ಗುಮಾನಿ.

ಒಡೆತನ ಯಾರದ್ದೇ ಇರಲಿ, ಪ್ರಕಟಣೆಯಿಂದ ಪೇಟೆಂಟ್ ಕೈತಪ್ಪಬಹುದು. ಹಾಗಾಗಿ ಪರವಾನಗಿ ಕಚೇರಿಗೆ ಹೋದ ಸಂಶೋಧಕರಿಗೆ ಕಾಯುತ್ತಿರುವ ಮೊದಲ ಪ್ರಶ್ನೆ "ಇದು ಎಷ್ಟಕ್ಕೆ ಹೋಗಬಹುದು?" ಎಂಬುದಲ್ಲ, "ಯಾರಿಗಾದರೂ ಹೇಳಿದ್ದೀರಾ?" ಎಂಬುದು. ಸಮ್ಮೇಳನದಲ್ಲಿ ಅಂಟಿಸಿದ ಪೋಸ್ಟರ್, ಗ್ರಂಥಾಲಯದ ಕಪಾಟು ಸೇರಿದ ಪಿಎಚ್‌ಡಿ ಪ್ರಬಂಧ, ಇವೂ ಹೇಳಿದ ಲೆಕ್ಕವೇ.